ಬಿಳಿ ಕುದುರಿಗೆ ಕರಿ ಮರಿ ಹ್ಯಾಂಗ ಹುಟ್ಟತೈತಿ? ಕುದುರೆ ಬಣ್ಣದ ಲೆಕ್ಕ ಬಂದ ದಾರಿ

ಈ ಪುಟದಾಗ ಎತ್ತು, ಎಮ್ಮೆ, ಕುರಿ ಬಗ್ಗೆ ಸಾಕಷ್ಟು ಬರೆದಾಗೈತಿ. ಈ ಸಲ ಕುದುರೆ. ಬರಹ ಉದ್ದ ಐತಿ, ಪುರುಸೊತ್ತಾದಾಗ ಓದ್ರಿ.

ನಾಗಾವಿ, ಗದಗ, ಶಿರಹಟ್ಟಿ, ಮುಂಡರಗಿ ಈ ಸುತ್ತಿನಲ್ಲಿ ಕುದುರೆ ಈಗ ಹೆಚ್ಚಾಗಿ ಎರಡು ಕಡೆ ಕಣ್ಣಿಗೆ ಬೀಳ್ತಾವ. ಸುಗ್ಗಿ ಮುಗಿದ ಮ್ಯಾಲ ಹೊಲದಾಗ ಕುರಿ ನಿಲ್ಲಿಸಾಕ ಬರೋ ಕುರಿಗಾರರ ಹತ್ತಿರ ಒಂದು. ಹಾಸಿಗೆ, ಪಾತ್ರೆ, ಬಲೆ, ಅವತ್ತೇ ಹುಟ್ಟಿದ ಕುರಿಮರಿ ಎಲ್ಲಾ ಹೊತ್ತುಕೊಂಡು ಹಿಂಡಿನ ಸಂಗಡ ನಡೆಯೋ ತಟ್ಟು ಕುದುರೆ ಅವು. ಇನ್ನೊಂದು ಮದುವೆ ಮೆರವಣಿಗೆ. ಅಲ್ಲಿ ಬಿಳೀದೇ ಆಗಬೇಕು. ಕಂದು ಕುದುರೆ ಎಷ್ಟು ಚಂದ ಇದ್ದರೂ ಮದುಮಗನ ಮನೆಯವರು ಬಿಳಿ ಕುದುರೆಗೇ ಹೆಚ್ಚು ರೊಕ್ಕ ಕೊಡ್ತಾರ.

ಈ ಎರಡೂ ಕಡೆ ಕೇಳಿಬರುವ ಜಗಳ ಒಂದೇ. ಬಿಳಿ ಹೆಣ್ಣು ಕುದುರೆಗೆ ಬಿಳಿ ಗಂಡು ಕೊಡಿಸಿದರು. 11 ತಿಂಗಳು ಕಾದರು. ಹುಟ್ಟಿದ್ದು ಕರಿ ಮರಿ. ಗಂಡು ಕುದುರೆ ಮಾಲೀಕನ ಮೇಲೆ ಅನುಮಾನ, ಬೇರೆ ಕುದುರೆ ಬಿಟ್ಟೀ ಅಂತ ಬೈಗುಳ. ಇಲ್ಲವೇ ಮನೆಗೆ ಅಶುಭ ಅಂತ ಮರಿಯನ್ನು ಮೂರು ತಿಂಗಳಿಗೇ ಸಿಕ್ಕಷ್ಟು ರೊಕ್ಕಕ್ಕೆ ದಾಟಿಸೋದು. ಕೊಂಡವನು ಏಳೆಂಟು ವರ್ಷ ಸಾಕಿದರೆ ಅದೇ ಕರಿ ಮರಿ ಹಾಲಿನಂಥ ಬಿಳಿ ಕುದುರೆ ಆಗಿ ಮೆರವಣಿಗೆಯಲ್ಲಿ ನಿಂತಿರತೈತಿ. ಲಾಭ ಅವನದು, ಲುಕ್ಸಾನು ಸಾಕಿದವನದು.

ತಂದೆ ತಾಯಿ ಬಣ್ಣ ನೋಡಿ ಮರಿ ಬಣ್ಣ ಹೇಳುವ ಲೆಕ್ಕ ಜಗತ್ತಿಗೆ ಸಿಕ್ಕು 100 ವರ್ಷದ ಮೇಲಾಯ್ತು. ಅದು ಹೇಗೆ ಸಿಕ್ಕಿತು, ಕುದುರೆಯನ್ನು ಇಷ್ಟು ಹಚ್ಚಿಕೊಂಡಿದ್ದ ನಮ್ಮ ನಾಡಿನಲ್ಲಿ ಯಾಕೆ ಸಿಗಲಿಲ್ಲ, ಅನ್ನೋದೇ ಇವತ್ತಿನ ವಿಷಯ.

ಮೊದಲು ನಮ್ಮ ನೆಲದ ಮಾತು. ಗದಗ, ಲಕ್ಕುಂಡಿ, ಲಕ್ಷ್ಮೇಶ್ವರ ಎಲ್ಲಾ ಕಲ್ಯಾಣದ ಚಾಲುಕ್ಯರ ನಾಡು. ನಮ್ಮ ಸೀಮೆಯ ವೀರಗಲ್ಲು ನೋಡ್ರಿ, ಕುದುರೆ ಏರಿ ಹೊಂಟ ವೀರ ಎಷ್ಟೋ ಕಲ್ಲುಗಳಲ್ಲಿ ಇದ್ದಾನೆ. ಆದರೆ ಕಲ್ಲು ಕುದುರೆಯ ಬಣ್ಣ ಹೇಳೋದಿಲ್ಲ. ಬಣ್ಣ ಹೇಳಿದ್ದು ಪುಸ್ತಕ. ಚಾಲುಕ್ಯ ಅರಸು ಮೂರನೆಯ ಸೋಮೇಶ್ವರ 1129ರ ಹೊತ್ತಿಗೆ ಮಾನಸೋಲ್ಲಾಸ ಅನ್ನುವ ದೊಡ್ಡ ಸಂಸ್ಕೃತ ಗ್ರಂಥ ಮಾಡಿದ. ಅರಸನಿಗೆ ಬೇಕಾದ ಸಕಲ ವಿದ್ಯೆ ಅದರಲ್ಲಿ ಐತಿ, ಆನೆ ಕುದುರೆಯ ವಿಷಯವೂ ಐತಿ. ಅದೇ ವಂಶದ ಕೀರ್ತಿವರ್ಮ ಕನ್ನಡದಲ್ಲಿ ಗೋವೈದ್ಯ ಬರೆದ. ದನ, ಕುದುರೆ ವಿದ್ಯೆಯನ್ನು ಅರಮನೆಯವರೇ ಕೂತು ಬರೆದ ನಾಡು ಇದು.

ಸೋಮೇಶ್ವರನ ಕಾಲದವನೇ ಗುಜರಾತಿನ ಜೈನ ಪಂಡಿತ ಹೇಮಚಂದ್ರ. ಅವನ ಅಭಿಧಾನಚಿಂತಾಮಣಿ ಅನ್ನುವ ನಿಘಂಟಿನಲ್ಲಿ ಕುದುರೆ ಬಣ್ಣದ ಹೆಸರಿನ ಸಾಲೇ ಇದೆ. ಕರ್ಕ, ಸೇರಾಹ, ಕಿಯಾಹ, ವೋಲ್ಲಾಹ, ಉರಾಹ, ಸುರೂಹಕ. ಬಾಯಿಗೆ ಬಂದಾಗಲೇ ಗೊತ್ತಾಗತೈತಿ, ಇವು ಸಂಸ್ಕೃತದ ಮಾತಲ್ಲ. ಹೆಚ್ಚಿನವು ಪಾರ್ಸಿ, ಅರಬ್, ತುರ್ಕ ಕಡೆಯ ಕುದುರೆ ವ್ಯಾಪಾರಿಗಳ ಜೊತೆ ಬಂದ ಹೆಸರು ಅಂತ ಪಂಡಿತರು ಹೇಳ್ತಾರ. ನಮ್ಮ ಹಳೆಗನ್ನಡದ ‘ತೇಜಿ’ ಕೂಡ ಹಂಗೇ, ಅರಬ್ ಕುದುರೆಗೆ ಪಾರ್ಸಿಯಲ್ಲಿ ಹೇಳುವ ‘ತಾಜಿ’ಯಿಂದ ಬಂದದ್ದು. ಕುದುರೆ ಬಂತು, ಅದರ ಹೆಸರೂ ಅದರ ಬೆನ್ನ ಮೇಲೇ ಬಂತು.

ಆ ಮಂದಿಯ ಕಣ್ಣು ಎಷ್ಟು ಚುರುಕು ಅಂದರೆ, ಕಪಿಲ ಬಣ್ಣದ ಕುದುರೆಗೆ ಕುತ್ತಿಗೆ ಕೂದಲು, ಬಾಲ ಬಿಳಿಚಿಕೊಂಡಿದ್ದರೆ ಅದಕ್ಕೆ ವೋಲ್ಲಾಹ ಅಂತ ಬೇರೆ ಹೆಸರು. ಮೈ ಸ್ವಲ್ಪ ಬಿಳಿಚು, ಕಾಲು ಕಪ್ಪು ಇದ್ದರೆ ಉರಾಹ. ಕತ್ತೆಯ ಬಣ್ಣದ್ದಕ್ಕೆ ಸುರೂಹಕ. ಈ ಹೆಸರು ನೆನಪಿಟ್ಟುಕೊಳ್ರಿ, ಮುಂದೆ ಮತ್ತೆ ಬರ್ತಾವ.

ಹೆಸರು ಇಟ್ಟರು, ಸರಿ. ಅದರಿಂದ ಕೇಳಿದ ಪ್ರಶ್ನೆ ಏನು? ಯಾವುದು ಶುಭ, ಯಾವುದು ಅಶುಭ, ಯಾವುದಕ್ಕೆ ಎಷ್ಟು ಬೆಲೆ. ನಾಲ್ಕೂ ಕಾಲು, ಮುಖ ಬಿಳಿ ಇದ್ದರೆ ಪಂಚಕಲ್ಯಾಣಿ, ಬಲು ಶುಭ. ಸುಳಿ ಇಂಥಲ್ಲಿ ಇದ್ದರೆ ಒಡೆಯನಿಗೆ ಕೇಡು, ಇಂಥಲ್ಲಿ ಇದ್ದರೆ ರಾಜಯೋಗ. ನಾವು ಇವತ್ತಿಗೂ ಸಂತೆಯಲ್ಲಿ ಎತ್ತು ಕೊಳ್ಳುವಾಗ ಸುಳಿ ಹುಡುಕುವುದು ಇದೇ ವಿದ್ಯೆಯ ಬಾಲ.

ಇದಕ್ಕೆ ನಮ್ಮವರು ದಡ್ಡರು ಅಂತ ಅನಬಾರದು. ಕಾರಣ ಬೇರೆ ಐತಿ. ದಕ್ಷಿಣದ ಅರಸರು ಒಳ್ಳೆಯ ದಂಡಿನ ಕುದುರೆಯನ್ನು ಹೆಚ್ಚಾಗಿ ಕೊಂಡರು. ಭಟ್ಕಳ, ಹೊನ್ನಾವರ, ಗೋವಾ ಬಂದರಿಗೆ ಅರಬ್ ದೇಶದಿಂದ, ಒರ್ಮುಜ್‌ನಿಂದ ಹಡಗಿನಲ್ಲಿ ಕುದುರೆ ಇಳೀತಿದ್ದವು. 13ನೆಯ ಶತಮಾನದ ಕೊನೆಗೆ ತಮಿಳು ಕರಾವಳಿ ನೋಡಿದ ಮಾರ್ಕೊ ಪೋಲೊ, ಅಲ್ಲಿ ಒಳ್ಳೆಯ ಗಂಡು, ಒಳ್ಳೆಯ ಹೆಣ್ಣು ಕೂಡಿಸಿದರೂ ಕಾಲು ಸೊಟ್ಟಗಿನ ಸಣ್ಣ ಮರಿ ಹುಟ್ಟತೈತಿ, ಕುದುರೆ ಸಾಕುವ ರೀತಿ ಅವರಿಗೆ ಗೊತ್ತಿಲ್ಲ ಅಂತ ಬರೆದ. ವಿಜಯನಗರದಲ್ಲಿ ಮೂರು ವರ್ಷ ಇದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್, ಅರಸ ವರ್ಷಕ್ಕೆ ಒರ್ಮುಜ್‌ನ 13,000 ಕುದುರೆ ಮತ್ತು ದೇಶೀ ಕುದುರೆ ಕೊಳ್ತಾನೆ ಅಂತ ಲೆಕ್ಕ ಕೊಟ್ಟಿದ್ದಾನೆ. ಅದಕ್ಕೂ ಮುಂಚೆ ಸಾಳುವ ನರಸಿಂಹನ ಕಾಲದಲ್ಲಿ, ಹಡಗಿನಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಜೀವಂತ ಕುದುರೆಯ ರೊಕ್ಕವನ್ನೇ ಕೊಡುತ್ತಿದ್ದರಂತೆ. ವ್ಯಾಪಾರಿ ಬರೋದು ನಿಲ್ಲಬಾರದು ಅಂತ.

ವಿಚಾರ ಮಾಡ್ರಿ. ಸತ್ತ ಕುದುರೆಯ ಬಾಲಕ್ಕೆ ರೊಕ್ಕ ಕೊಡುವ ನಾಡಿಗೆ ಬೇಕಾದ ವಿದ್ಯೆ ಯಾವುದು? ಕುದುರೆಯನ್ನು ನಿಂತ ನಿಲುವಿನಲ್ಲಿ ನೋಡಿ ಆರಿಸುವ ವಿದ್ಯೆ. ಅದರ ತಂದೆ ತಾಯಿ ಸಮುದ್ರದ ಆಚೆ ಇದ್ದಾವ, ಅವನ್ನು ಕಂಡವರಿಲ್ಲ. ಕೊಳ್ಳುವವನು ಲಕ್ಷಣ ನೋಡ್ತಾನ, ಸಾಕುವವನು ವಂಶ ನೋಡ್ತಾನ. ಲಕ್ಷಣಕ್ಕೆ ಕಣ್ಣು ಸಾಕು. ವಂಶಕ್ಕೆ ವಹಿ ಬೇಕು.

ಆ ವಹಿ ಸಿಕ್ಕಿದ್ದು ಇಂಗ್ಲೆಂಡಿನಲ್ಲಿ. ಜೂಜಿನ ಕುದುರೆಗಳ ಜನರಲ್ ಸ್ಟಡ್ ಬುಕ್ ಅನ್ನುವ ವಂಶಾವಳಿ ಪುಸ್ತಕದ ಮೊದಲ ರೂಪ 1791ರಲ್ಲಿ ಬಂತು. ವೆದರ್ಬಿ ಅನ್ನುವ ಮನೆತನದವರು ಅದನ್ನು ನಡೆಸಿದರು. ಇದನ್ನು ವಿಜ್ಞಾನಕ್ಕೆ ಅಂತ ಮಾಡಲಿಲ್ಲ. ಜೂಜಿನಲ್ಲಿ ಒಂದು ಕುದುರೆ ತೋರಿಸಿ ಇನ್ನೊಂದನ್ನು ಓಡಿಸಬಾರದು, ವಂಶದ ಬಗ್ಗೆ ಸುಳ್ಳು ಹೇಳಿ ಮಾರಬಾರದು ಅನ್ನುವ ರೊಕ್ಕದ ಕಾರಣಕ್ಕೆ. ಯಾವ ತಾಯಿ, ಯಾವ ತಂದೆ, ಯಾವ ವರ್ಷ, ಗಂಡೋ ಹೆಣ್ಣೋ, ಬಣ್ಣ ಯಾವುದು. ಬಣ್ಣ ಬರೆದದ್ದು ಗುರುತಿಗಾಗಿ, ನಮ್ಮ ಪಶು ವಿಮೆ ಕಾಗದದಲ್ಲಿ ಬರೆಯುವ ಹಾಗೆ. ಸಂಪುಟದ ಮೇಲೆ ಸಂಪುಟ ಬೆಳೆದು 100 ವರ್ಷದಲ್ಲಿ ಸಾವಿರಾರು ಮರಿಗಳ ಬಣ್ಣ, ಅವುಗಳ ತಂದೆ ತಾಯಿ ಬಣ್ಣ ಎಲ್ಲಾ ಒಂದು ಕಡೆ ಕೂಡಿತು.

ನಡುವೆ 1865ರಲ್ಲಿ ಮೆಂಡೆಲ್ ತನ್ನ ಬಟಾಣಿ ಲೆಕ್ಕ ಹೇಳಿದ್ದ. ಎಸ್ಸೆಸ್ಸೆಲ್ಸಿಯಲ್ಲಿ ನಾವೆಲ್ಲಾ ಬಾಯಿಪಾಠ ಮಾಡಿದ್ದು ಅದೇ. ಆಗ ಅದನ್ನು ಯಾರೂ ಲೆಕ್ಕಕ್ಕೆ ತಗೊಳ್ಳಲಿಲ್ಲ. 1900ರಲ್ಲಿ ಮತ್ತೆ ಹೊರಗೆ ಬಂತು. ಇಂಗ್ಲೆಂಡಿನ ಚಾರ್ಲ್ಸ್ ಹರ್ಸ್ಟ್ ಅನ್ನುವವ, ಸಸಿ ಬೆಳೆಸಿ ಮಾರುವ ನರ್ಸರಿ ಮನೆತನದವ, ಆ ಸ್ಟಡ್ ಬುಕ್ ತೆಗೆದು ಕೂತ. 1905ರ ಡಿಸೆಂಬರಿನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ತನ್ನ ಲೇಖನ ಇಟ್ಟ, 1906ರಲ್ಲಿ ಅದು ಅಚ್ಚಾಯಿತು. ಹೇಳಿದ್ದು ಇಷ್ಟೇ: ಕೆಂಪು ಗಂಡಿಗೆ ಕೆಂಪು ಹೆಣ್ಣು ಕೂಡಿದರೆ ಹುಟ್ಟುವುದು ಕೆಂಪೇ. ಕಂದಿನ ಒಳಗೆ ಕೆಂಪು ಅಡಗಿ ಕೂತಿರಬಹುದು, ಕೆಂಪಿನ ಒಳಗೆ ಕಂದು ಹಾಗೆ ಅಡಗಿರಲು ಆಗೋದಿಲ್ಲ.

ಇಲ್ಲಿ ಕೆಂಪು ಅಂದರೆ ಮೈ, ಕುತ್ತಿಗೆ ಕೂದಲು, ಬಾಲ ಯಾವುದರಲ್ಲೂ ಕಪ್ಪು ಕೂದಲು ಇಲ್ಲದ್ದು. ರೇಸಿನವರು ಚೆಸ್ಟ್‌ನಟ್ ಅಂತಾರ. ಕಂದು ಅಂದರೆ ಮೈ ಕಂದು, ಕುತ್ತಿಗೆ ಕೂದಲು, ಬಾಲ, ಮೊಣಕಾಲಿನ ಕೆಳಗೆ ಕಪ್ಪು. ಅವರ ಬಾಯಲ್ಲಿ ಬೇ.

ಹರ್ಸ್ಟ್ ಹೇಳಿದ್ದನ್ನು ಎಲ್ಲರೂ ಒಪ್ಪಲಿಲ್ಲ. ಆಕ್ಸ್‌ಫರ್ಡಿನ ಪ್ರೊಫೆಸರ್ ವೆಲ್ಡನ್, ಪ್ರಾಣಿಶಾಸ್ತ್ರದ ದೊಡ್ಡ ಹೆಸರು, ಮೆಂಡೆಲ್ ಲೆಕ್ಕವನ್ನೇ ನಂಬದವ. ಅವನೂ ಅದೇ ಸ್ಟಡ್ ಬುಕ್ ತೆಗೆದ. ಹುಡುಕಿ ಹುಡುಕಿ ಕೆಂಪು ತಂದೆ ಕೆಂಪು ತಾಯಿಗೆ ಕಂದು ಮರಿ ಹುಟ್ಟಿದೆ ಅಂತ ಬರೆದಿದ್ದ ಸಾಲುಗಳನ್ನು ಎತ್ತಿ ತೋರಿಸಿದ. ಇಲ್ಲಿ ನೋಡ್ರಿ, ನಿಮ್ಮ ನಿಯಮ ಮುರಿದು ಬಿತ್ತು ಅಂದ. ಹರ್ಸ್ಟ್ ಕಡೆಯವರು, ಮುರಿದದ್ದು ನಿಯಮ ಅಲ್ಲ, ಬರೆದವನ ಕೈ ತಪ್ಪಿದೆ ಅಂದರು. ಹೊಸಾ ಮರಿಯ ಬಣ್ಣ ಸರಿಯಾಗಿ ತಿಳಿಯೋದಿಲ್ಲ, ಮಾಲೀಕ ಅಂದಾಜಿಗೆ ಬರೆಸಿರ್ತಾನ ಅಂತ. ಒಂದೇ ಪುಸ್ತಕ, ಎರಡು ತೀರ್ಪು. ವೆಲ್ಡನ್ ಹಗಲು ರಾತ್ರಿ ಆ ಸಂಪುಟಗಳ ಮೇಲೇ ಕೂತ. ಆ ಕೆಲಸ ಮುಗಿಯುವ ಮೊದಲೇ 1906ರ ಏಪ್ರಿಲ್ 13ರಂದು ನ್ಯುಮೋನಿಯಾ ಬಂದು ತೀರಿಕೊಂಡ. ವಯಸ್ಸು 46. ಕುದುರೆ ಬಣ್ಣದ ವಾದದ ನಡುವೆಯೇ ಹೋದ ಜೀವ ಅದು.

ಕೊನೆಗೆ ನಿಂತದ್ದು ಹರ್ಸ್ಟ್ ಮಾತು. ಈ ಕಥೆಯಲ್ಲಿ ನನಗೆ ಮುಖ್ಯ ಅನಿಸೋದು ಗೆದ್ದವರು ಸೋತವರು ಅಲ್ಲ. ಅಲ್ಲಲ್ಲಿ ತಪ್ಪಿದ್ದ ವಹಿಯಿಂದಲೇ ನಿಯಮ ಹೊರಬಂತು. ಹೊರಬಂದ ನಿಯಮ ತಿರುಗಿ ವಹಿಯ ತಪ್ಪನ್ನು ಹಿಡಿಯಿತು. ವಹಿ ಚೊಕ್ಕಟ ಆಗಲಿ, ಆಮೇಲೆ ಬರೆಯೋಣ ಅಂತ ಯಾರೂ ಕಾಯಲಿಲ್ಲ. ಬರೆಯದೇ ಇದ್ದಿದ್ದರೆ ತಪ್ಪೂ ಇರುತ್ತಿರಲಿಲ್ಲ, ನಿಯಮವೂ ಸಿಗುತ್ತಿರಲಿಲ್ಲ.

ಇನ್ನು ಲೆಕ್ಕಕ್ಕೆ ಬರೋಣ. ಚೀಟಿ ಅಂತ ಇಟ್ಟುಕೊಳ್ರಿ, ಸುಲಭ ಆಗತೈತಿ. ಪ್ರತಿ ಗುಣಕ್ಕೂ ಮರಿಗೆ ಎರಡು ಚೀಟಿ, ತಂದೆಯಿಂದ ಒಂದು, ತಾಯಿಯಿಂದ ಒಂದು. ತಂದೆ ತನ್ನ ಎರಡರಲ್ಲಿ ಯಾವುದನ್ನು ಕೊಡ್ತಾನ ಅನ್ನೋದು ನಾಣ್ಯ ಚಿಮ್ಮಿದ ಹಾಗೆ.

ಮೊದಲನೇ ಚೀಟಿ: ಕಪ್ಪು ಬಣ್ಣ ಮಾಡಬಲ್ಲದೋ ಇಲ್ಲವೋ. ಒಂದು ‘ಮಾಡಬಲ್ಲೆ’ ಚೀಟಿ ಇದ್ದರೂ ಮೈಮೇಲೆ ಕಪ್ಪು ಬರತೈತಿ. ಎರಡೂ ‘ಆಗೋದಿಲ್ಲ’ ಇದ್ದರೆ ಮಾತ್ರ ಕುದುರೆ ಕೆಂಪು. ಅದಕ್ಕೇ ಕೆಂಪಿಗೆ ಕೆಂಪು ಕೂಡಿದರೆ ಕೊಡಲು ಬೇರೆ ಚೀಟಿಯೇ ಇಲ್ಲ. ಎರಡು ಕಂದು ಕುದುರೆ ಒಳಗೆ ಒಂದೊಂದು ‘ಆಗೋದಿಲ್ಲ’ ಚೀಟಿ ಅಡಗಿದ್ದರೆ ನಾಲ್ಕರಲ್ಲಿ ಒಂದು ಪಾಲು ಕೆಂಪು ಮರಿ. ನಾಲ್ಕನೆಯದೇ ಕೆಂಪು ಅಂತ ಅಲ್ಲ, ಪ್ರತಿ ಸಲವೂ ನಾಲ್ಕರಲ್ಲಿ ಒಂದು ಸಂಭವ.

ಎರಡನೇ ಚೀಟಿ: ಆ ಕಪ್ಪನ್ನು ಮೈಯಿಂದ ಹಿಂದಕ್ಕೆ ಸರಿಸಿ ಕಾಲು, ಬಾಲ, ಕುತ್ತಿಗೆ ಕೂದಲಿಗೆ ಮಾತ್ರ ನಿಲ್ಲಿಸುವುದು. ಇದು ಒಂದಿದ್ದರೂ ಕುದುರೆ ಕಂದು. ಒಂದೂ ಇಲ್ಲದಿದ್ದರೆ ಇಡೀ ಕಪ್ಪು. ಮಜಾ ಏನಂದ್ರ, ಕೆಂಪು ಕುದುರೆಯಲ್ಲಿ ಕಪ್ಪೇ ಇಲ್ಲ, ಹಂಗಾಗಿ ಈ ಚೀಟಿ ಇದ್ದರೂ ತೋರಿಸಿಕೊಳ್ಳೋದಿಲ್ಲ. ಕೆಂಪು ಗಂಡು, ಕಪ್ಪು ಹೆಣ್ಣು ಕೂಡಿ ಕಂದು ಮರಿ ಹುಟ್ಟಿದರೆ ಯಾರನ್ನೂ ಅನುಮಾನಿಸಬೇಡ್ರಿ, ಅದು ಆಗುವಂಥದ್ದೇ. ಕಪ್ಪಿಗೆ ಕಪ್ಪು ಕೂಡಿ ಕೆಂಪು ಹುಟ್ಟಿದರೂ ಸರಿಯೇ. ಕಪ್ಪಿಗೆ ಕಪ್ಪು ಕೂಡಿ ಕಂದು ಹುಟ್ಟಿತು ಅಂದರೆ ಮಾತ್ರ ವಿಚಾರಿಸಬೇಕು.

ಮೂರನೇದು ನಮ್ಮ ಜಗಳದ ಚೀಟಿ. ಇದಕ್ಕೆ ನಾನು ನರೆ ಚೀಟಿ ಅಂತೀನಿ, ಯಾಕಂದ್ರ ಅದು ಮಾಡುವ ಕೆಲಸವೇ ಕೂದಲು ನರೆಸುವುದು. ರೇಸಿನವರು ಗ್ರೇ ಅಂತಾರ. ನಾವು ಬಿಳಿ ಕುದುರೆ ಅನ್ನುವ ಬಹಳಷ್ಟು ಕುದುರೆ ನಿಜವಾಗಿ ಬಿಳಿಯಲ್ಲ, ನರೆತವು. ಮೂಗು, ಕಣ್ಣ ಸುತ್ತ ಚರ್ಮ ಕಪ್ಪಿದ್ದರೆ ಅದು ನರೆತ ಕುದುರೆ. ಹುಟ್ಟುವಾಗ ಕಪ್ಪೋ, ಕಂದೋ, ಕೆಂಪೋ ಯಾವುದಾದರೂ ಆಗಿರತೈತಿ. ವರ್ಷ ವರ್ಷ ಬೂದು ಆಗುತ್ತಾ ಏಳೆಂಟು ವರ್ಷಕ್ಕೆ ಬಿಳಿ. ನಮ್ಮ ಖಿಲಾರಿ ಕರು ಹುಟ್ಟಿದಾಗ ನೆತ್ತಿ ಮೇಲೆ ಕೆಂಪು ಇದ್ದು ಒಂದೆರಡು ತಿಂಗಳಿಗೆ ಹೋಗತೈತಲ್ಲ, ಅದನ್ನು ಕಂಡವರಿಗೆ ಇದು ನಂಬಲು ಕಷ್ಟ ಅಲ್ಲ. ದನದಲ್ಲಿ ನಡೆಯುವ ಕ್ರಿಯೆ ಬೇರೆ, ಆದರೆ ಪಾಠ ಒಂದೇ: ಹುಟ್ಟಿದ ಬಣ್ಣವೇ ಕೊನೆ ಬಣ್ಣ ಅಲ್ಲ.

ನರೆ ಚೀಟಿ ಒಂದಿದ್ದರೂ ಸಾಕು, ಕುದುರೆ ನರೆಯತೈತಿ. ಅದು ಅಡಗಿ ಕೂರೋದಿಲ್ಲ. ಅಂದರೆ ತಂದೆ ತಾಯಿ ಇಬ್ಬರಲ್ಲಿ ಒಬ್ಬರಾದರೂ ನರೆತವರು ಇರಲೇಬೇಕು. ಅಜ್ಜ ಬಿಳಿ ಇದ್ದ, ತಂದೆ ತಾಯಿ ಇಬ್ಬರೂ ಕಂದು, ಮೊಮ್ಮಗ ನರೆತ ಬಿಳಿ, ಇದು ಆಗದ ಮಾತು. ಸರಪಳಿ ಒಂದು ತಲೆಮಾರು ಕಡಿದರೆ ಅಲ್ಲಿಗೆ ಮುಗೀತು.

ಇದಕ್ಕೆ ಜೂಜಿನ ಕುದುರೆಗಳ ಇತಿಹಾಸವೇ ಸಾಕ್ಷಿ. ಇವತ್ತಿನ ಥರೋಬ್ರೆಡ್ ತಳಿಯ ನರೆತ ಕುದುರೆಗಳಲ್ಲಿ ಬಹುಪಾಲಿನ ಬಣ್ಣ, 1700ರ ಆಸುಪಾಸಿನ ಆಲ್ಕಾಕ್ಸ್ ಅರೇಬಿಯನ್ ಅನ್ನುವ ಒಂದೇ ಕುದುರೆಯಿಂದ ಕೈಯಿಂದ ಕೈಗೆ ಬಂದದ್ದು. 1911ರಲ್ಲಿ ಹುಟ್ಟಿದ ದಿ ಟೆಟ್ರಾರ್ಕ್ ಆ ಸಾಲಿನದು. 1913ರಲ್ಲಿ ಓಡಿದ ಏಳೂ ಓಟ ಗೆದ್ದ ಕುದುರೆ. ಅದರ ಮಗಳನ್ನು ಮೂರನೆಯ ಆಗಾ ಖಾನ್ 1922ರಲ್ಲಿ ಕೊಂಡು ಮುಮ್ತಾಜ್ ಮಹಲ್ ಅಂತ ಹೆಸರಿಟ್ಟರು. ಅದೂ ನರೆತದ್ದು. ಮುಮ್ತಾಜ್ ಮಹಲ್‌ಗೆ ಒಬ್ಬ ಮಗಳು ಮಾಹ್ ಮಹಲ್, ನರೆ ಬಂತು. ಅದರ ಮಗ ಮಹಮೂದ್, ನರೆ ಬಂತು, 1936ರ ಇಂಗ್ಲಿಷ್ ಡರ್ಬಿ ಗೆದ್ದಿತು. ಇನ್ನೊಬ್ಬ ಮಗಳು ಮುಮ್ತಾಜ್ ಬೇಗಂ, ನರೆ ಬರಲಿಲ್ಲ, ಕಂದು. ಅದರ ಮಗ ನಸ್ರುಲ್ಲಾ, ಕಂದು. ನಸ್ರುಲ್ಲಾ ಜಗತ್ತಿಗೆಲ್ಲಾ ಮರಿ ಕೊಟ್ಟಿತು, ಆದರೆ ಮುತ್ತಜ್ಜನ ನರೆಯನ್ನು ಒಂದಕ್ಕೂ ಕೊಡಲು ಅದರ ಹತ್ತಿರ ಚೀಟಿಯೇ ಇರಲಿಲ್ಲ. ಒಂದೇ ಅಜ್ಜಿಯ ಎರಡು ಕವಲು. ನಾಣ್ಯ ಒಂದು ಸಲ ಆ ಕಡೆ ಬಿತ್ತು, ಒಂದು ಸಲ ಈ ಕಡೆ.

ಈಗ ನಮ್ಮ ಮೊದಲಿನ ಜಗಳ ಬಿಡಿಸಬಹುದು. ಬಿಳಿ ತಂದೆ, ಬಿಳಿ ತಾಯಿ, ಕರಿ ಮರಿ. ಎರಡು ಸಾಧ್ಯತೆ. ಒಂದು, ಮರಿಗೆ ನರೆ ಚೀಟಿ ಬಂದೈತಿ, ಇನ್ನೂ ನರೆತಿಲ್ಲ ಅಷ್ಟೇ. ಇಂಥ ಮರಿಗೆ ಕಣ್ಣ ಸುತ್ತ ಬೆಳ್ಳಿ ಕೂದಲು ಬೇಗ ಕಾಣ್ತಾವ, ಬೆಳಕಿಗೆ ಹಿಡಿದು ನೋಡ್ರಿ. ಎರಡು, ತಂದೆ ತಾಯಿ ಇಬ್ಬರಲ್ಲೂ ನರೆ ಚೀಟಿ ಒಂದೊಂದೇ ಇದ್ದರೆ ನಾಲ್ಕರಲ್ಲಿ ಒಂದು ಪಾಲು ಮರಿಗೆ ನರೆಯೇ ಬರೋದಿಲ್ಲ, ಅದು ಸಾಯೋತನಕ ಕರಿಯೇ. ಎರಡೂ ಸಹಜ. ಎರಡರಲ್ಲೂ ಗಂಡು ಕುದುರೆ ಮಾಲೀಕನ ತಪ್ಪಿಲ್ಲ, ಮನೆಗೆ ಬಂದ ಅಶುಭವೂ ಇಲ್ಲ.

ಮೂಗು, ಕಣ್ಣ ಸುತ್ತ ಚರ್ಮ ಗುಲಾಬಿ ಇರುವ ಬಿಳಿ ಕುದುರೆಯೂ ಮದುವೆಗೆ ಬರ್ತಾವ. ಪಂಜಾಬ ಕಡೆ ನುಕ್ರಾ ಅಂತಾರ. ಅವು ಹುಟ್ಟುವಾಗಲೇ ಬಿಳಿ, ಅವುಗಳ ಲೆಕ್ಕ ಬೇರೆ. ಗುಲಾಬಿ ಚರ್ಮಕ್ಕೆ ಒಂದು ಕಾರಣ ನಾಲ್ಕನೇ ಚೀಟಿ, ಬಣ್ಣ ತಿಳಿಮಾಡುವ ಕ್ರೀಮ್ ಚೀಟಿ. ಕೆಂಪು ಕುದುರೆಗೆ ಇದು ಒಂದು ಬಿದ್ದರೆ ಮೈ ಬಂಗಾರ, ಕುತ್ತಿಗೆ ಕೂದಲು, ಬಾಲ ಬಿಳಿ. ಕಂದು ಕುದುರೆಗೆ ಒಂದು ಬಿದ್ದರೆ ಮೈ ತಿಳಿ ಹಳದಿ, ಕಾಲು ಕಪ್ಪೇ ಉಳೀತಾವ. ಹಿಂದೆ ಹೇಳಿದ ವೋಲ್ಲಾಹ, ಉರಾಹ ನೆನಪು ಮಾಡಿಕೊಳ್ರಿ. ಹೋಲಿಕೆ ಮಾಡುವವ ನಾನು, ಆದರೆ 12ನೆಯ ಶತಮಾನದ ಪಂಡಿತ ಬೇರೆ ಬೇರೆ ಹೆಸರಿಟ್ಟು ತೋರಿಸಿದ ವ್ಯತ್ಯಾಸ ಈ ಚೀಟಿ ಮಾಡುವ ವ್ಯತ್ಯಾಸಕ್ಕೆ ಬಹಳ ಹತ್ತಿರ. ಕತ್ತೆ ಬಣ್ಣದ ಸುರೂಹಕ ಅಂದರೆ ಕಾಠಿಯಾವಾಡಿ ತಳಿಯಲ್ಲಿ ಇವತ್ತೂ ಕಾಣುವ, ಬೆನ್ನ ಮೇಲೆ ಕಪ್ಪು ಗೆರೆ ಇರುವ ಬಣ್ಣ ನೆನಪಾಗತೈತಿ. ಕಣ್ಣು ನಮ್ಮವರಿಗೂ ಇತ್ತು. ವಹಿ ಇರಲಿಲ್ಲ.

ಕ್ರೀಮ್ ಚೀಟಿ ಎರಡು ಬಿದ್ದರೆ ಮೈಯೆಲ್ಲಾ ಕೆನೆ, ಚರ್ಮ ಗುಲಾಬಿ, ಕಣ್ಣು ನೀಲಿ. ಹಂಗಾಗಿ ಬಂಗಾರಕ್ಕೆ ಬಂಗಾರ ಕೂಡಿಸಿದರೆ ಎಲ್ಲಾ ಬಂಗಾರ ಬರೋದಿಲ್ಲ. ನಾಲ್ಕರಲ್ಲಿ ಎರಡು ಪಾಲು ಬಂಗಾರ, ಒಂದು ಕೆಂಪು, ಒಂದು ಕೆನೆ. ಬಂಗಾರದ ಬಣ್ಣವನ್ನು ತಳಿಯಾಗಿ ನಿಲ್ಲಿಸಲು ಹೊರಟವರಿಗೆ ಇದೊಂದು ತೀರದ ತಲೆನೋವು.

ಈ ಚೀಟಿಗಳನ್ನು ಪ್ರಯೋಗಾಲಯದಲ್ಲಿ ಹಿಡಿದದ್ದು ಬಹಳ ತಡವಾಗಿ. ಕೆಂಪಿನ ಜೀನ್ 1996, ಕಪ್ಪನ್ನು ಸರಿಸುವ ಜೀನ್ 2001, ಕ್ರೀಮ್ 2003, ನರೆ 2008. ಹರ್ಸ್ಟ್ ವಹಿ ನೋಡಿ ಹೇಳಿದ 90 ವರ್ಷಕ್ಕೆ ಡಿಎನ್‌ಎ ನೋಡಿ ಹೌದು ಅಂದರು. ಹಳೆಯ ಕುದುರೆ ಎಲುಬಿನ ಡಿಎನ್‌ಎ ತೆಗೆದು 2009ರಲ್ಲಿ ಇನ್ನೊಂದು ಸಂಗತಿ ಹೇಳಿದರು. ಮನುಷ್ಯ ಕುದುರೆಯನ್ನು ಪಳಗಿಸುವ ಮೊದಲು ಬಣ್ಣ ಕಡಿಮೆ, ಸುಮಾರು 5,000 ವರ್ಷದ ಹಿಂದೆ ಪಳಗಿಸಿದ ಮೇಲೆ ಬಣ್ಣ ಬೇಗ ಬೇಗ ಹೆಚ್ಚಾದವು. ಶುಭ ಅಶುಭ ಅಂತ ನಾವು ಹೆದರುವ ಬಣ್ಣಗಳಲ್ಲಿ ಎಷ್ಟೋ, ನಮ್ಮಂಥ ಸಾಕುವವರೇ ಆರಿಸಿ ಉಳಿಸಿಕೊಂಡದ್ದು.

ಬಣ್ಣಕ್ಕೂ ಆರೋಗ್ಯಕ್ಕೂ ಸಂಬಂಧವೇ ಇಲ್ಲ ಅಂತಲೂ ಅಲ್ಲ. 15 ವರ್ಷ ದಾಟಿದ ನರೆತ ಕುದುರೆಗಳಲ್ಲಿ ಬಹುಪಾಲಿಗೆ ಬಾಲದ ಬುಡ, ಗುದದ ಸುತ್ತ ಕಪ್ಪು ಗಂಟು ಬರ್ತಾವ. ಚರ್ಮದ ಗಡ್ಡೆ ರೋಗ ಅದು. ಬಿಳಿ ಕುದುರೆ ಕೊಳ್ಳುವಾಗ ಸುಳಿ ಹುಡುಕುವ ಬದಲು ಬಾಲ ಎತ್ತಿ ನೋಡ್ರಿ. ಇನ್ನು ಪಂಚಕಲ್ಯಾಣಿಯ ಬಿಳಿ ಕಾಲು, ಮುಖದ ಪಟ್ಟೆ, ಇವು ವಂಶದಲ್ಲಿ ಬಂದರೂ ಒಂದು ಚೀಟಿಯ ಲೆಕ್ಕಕ್ಕೆ ಸಿಗೋದಿಲ್ಲ. ಮರಿಗೆ ನಾಲ್ಕೂ ಕಾಲು ಬಿಳಿ ಬರ್ತಾವ ಅಂತ ಮೊದಲೇ ಖಾತ್ರಿ ಕೊಡುವವನನ್ನು ನಂಬಬೇಡ್ರಿ.

ಕರ್ನಾಟಕದಲ್ಲಿ ವಹಿ ಇಲ್ಲವೇ ಇಲ್ಲ ಅಂತಲ್ಲ. ತುಮಕೂರು ಜಿಲ್ಲೆಯ ಕುಣಿಗಲ್ ಸ್ಟಡ್ ಫಾರ್ಮ್ ಟಿಪ್ಪು ಕಾಲದಿಂದ ಕುದುರೆ ಬೆಳೆಸಿದ ನೆಲ. ದಂಡಿನ ಕುದುರೆ ಹೋಗಿ ಜೂಜಿನ ಕುದುರೆ ಬಂತು, 1992ರಲ್ಲಿ ಖಾಸಗಿ ಗುತ್ತಿಗೆಗೆ ಹೋಯಿತು. ಜೂಜಿನ ಕುದುರೆ ಮರಿಯ ಹೆಸರು ಪುಣೆಯ ಸ್ಟಡ್ ಬುಕ್ ಅಥಾರಿಟಿ ಆಫ್ ಇಂಡಿಯಾದ ವಹಿಯಲ್ಲಿ ಸೇರಬೇಕು. ಈಗ ಡಿಎನ್‌ಎ ನೋಡಿ ತಂದೆ ತಾಯಿ ಖಾತ್ರಿ ಮಾಡ್ತಾರ. ಅಲ್ಲಿ ಬಣ್ಣ ನೋಡಿ ಜಗಳ ಆಡುವ ಪ್ರಸಂಗವೇ ಇಲ್ಲ. ಆದರೆ ಅದು ಶ್ರೀಮಂತರ ವಹಿ. ನಮ್ಮ ಹೊಲಕ್ಕೆ ಬರುವ ತಟ್ಟು ಕುದುರೆ ಯಾವ ವಹಿಯಲ್ಲೂ ಇಲ್ಲ.

ಹಾಗೆ ಇಲ್ಲದಿದ್ದರೆ ಏನು ಕಳೆದುಕೊಳ್ತೀವಿ ಅನ್ನುವುದಕ್ಕೆ ಪಕ್ಕದ ಉದಾಹರಣೆ ನೋಡ್ರಿ. ಭೀಮಾ ನದಿ ತೀರದ ಭೀಮಥಡಿ ಕುದುರೆ, ಮರಾಠರ ದಂಡಿನಲ್ಲಿ ಹೆಸರು ಮಾಡಿದ ಗಿಡ್ಡ ಗಟ್ಟಿ ಕುದುರೆ. ಅದು ಅಳಿದೇ ಹೋಯಿತು ಅಂತ ಎಷ್ಟೋ ಮಂದಿ ತಿಳಿದಿದ್ದರು. ಆದರೆ ಮಹಾರಾಷ್ಟ್ರದ ಧನಗರ ಕುರಿಗಾರರ ಹಿಂಡಿನ ಸಂಗಡ, ನಮ್ಮಲ್ಲಿ ಹೇಗೋ ಹಾಗೆ ಸಾಮಾನು ಹೊತ್ತುಕೊಂಡು ಉಳಿದಿತ್ತು. ಅಳತೆ ತೆಗೆದು, ಬಣ್ಣ ಬರೆದು, ಎಣಿಸಿದ ಮೇಲೆ ಕರ್ನಾಲ್‌ನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ ಈಚೆಗೆ ಅದನ್ನು ಸ್ವಂತ ತಳಿ ಅಂತ ನೋಂದಾಯಿಸಿತು. ಬರೆದ ಮೇಲೆ ತಟ್ಟು ತಳಿ ಆಯಿತು. ಭೀಮಾ ನದಿ ನಮ್ಮ ವಿಜಯಪುರ, ಕಲಬುರಗಿ ಜಿಲ್ಲೆಯಲ್ಲೂ ಹರಿಯತೈತಿ. ಗದಗ, ಕೊಪ್ಪಳ, ಬಾಗಲಕೋಟ ಸುತ್ತ ತಿರುಗುವ ಕುರಿಗಾರರ ಕುದುರೆ ಯಾವ ರಕ್ತದವು ಅಂತ ಹೇಳಬೇಕಾದರೂ ಮೊದಲು ಯಾರಾದರೂ ಬರೆಯಬೇಕು. ಬಣ್ಣ ಒಂದರಿಂದಲೇ ತಳಿ ಗೊತ್ತಾಗೋದಿಲ್ಲ, ಖರೆ. ಆದರೆ ಬರೆಯಲು ಶುರು ಮಾಡಲಿಕ್ಕೆ ಖರ್ಚಿಲ್ಲದ ಗುಣ ಅದೊಂದೇ.

ಕುದುರೆ ಇಟ್ಟವರು ಇದನ್ನು ಓದುತ್ತಿದ್ದರೆ ಇಷ್ಟು ಮಾಡ್ರಿ. 100 ಹಾಳೆಯ ಒಂದು ನೋಟ್‌ಬುಕ್ ಸಾಕು.

1. ಗಂಡು ಕೊಡಿಸಿದ ತಾರೀಖು, ಆ ಗಂಡಿನ ಬಣ್ಣ, ಮಾಲೀಕನ ಊರು.
2. ತಾಯಿಯ ಬಣ್ಣ, ಬಿಳಿ ಇದ್ದರೆ ಚರ್ಮ ಕಪ್ಪೋ ಗುಲಾಬಿಯೋ.
3. ಮರಿ ಹುಟ್ಟಿದ ದಿನದ ಬಣ್ಣ. ಅಲ್ಲಿಗೇ ನಿಲ್ಲಿಸಬೇಡ್ರಿ. ಮರಿಗೂದಲು ಉದುರಿದ ಮೇಲೆ ಒಮ್ಮೆ, ವರ್ಷಕ್ಕೊಮ್ಮೆ ಮತ್ತೆ ಬರೀರಿ. ವೆಲ್ಡನ್ ಹರ್ಸ್ಟ್ ವಾದದ ಬೇರು ಇಲ್ಲೇ ಇತ್ತು.
4. ಫೋನಿನಾಗ ಎಡಗಡೆ, ಬಲಗಡೆ, ಮುಖ, ಹೀಗೆ ಮೂರು ಫೋಟೋ.
5. ಮಾರಿದರೆ ಆ ಹಾಳೆಯ ಫೋಟೋ ಕೊಂಡವನಿಗೂ ಕೊಡ್ರಿ.

ಮೂರು ತಲೆಮಾರು ಬರೆದರೆ ನಿಮ್ಮ ಗಂಡು ಕುದುರೆಗೆ ನರೆ ಚೀಟಿ ಒಂದೋ ಎರಡೋ ಅಂತ ಪ್ರಯೋಗಾಲಯಕ್ಕೆ ಹೋಗದೆ ಬಹಳ ಮಟ್ಟಿಗೆ ಹೇಳಬಹುದು. ಕಪ್ಪು, ಕಂದು, ಕೆಂಪು ಹೆಣ್ಣುಗಳಿಗೆ ಕೊಟ್ಟ ಗಂಡಿನಿಂದ ನರೆಯದ ಮರಿ ಒಂದು ಹುಟ್ಟಿದರೂ ಅದಕ್ಕಿರುವುದು ಒಂದೇ ಚೀಟಿ. ಹತ್ತಕ್ಕೆ ಹತ್ತೂ ಮರಿ ನರೆತರೆ ಹೆಚ್ಚುಕಡಿಮೆ ಎರಡು. ಅಂಥ ಗಂಡಿಗೆ ಮದುವೆ ಕುದುರೆ ಸಾಕುವವರು ಎಷ್ಟು ಬೆಲೆ ಕೊಡ್ತಾರ ಅಂತ ನಾನು ಹೇಳಬೇಕಾಗಿಲ್ಲ.

ಮತ್ತೆ ಕರಿ ಮರಿ ಹುಟ್ಟಿತು ಅಂತ ಅಗ್ಗಕ್ಕೆ ಕೊಡಬೇಡ್ರಿ. ಮೊದಲು ಕಣ್ಣ ಸುತ್ತ ನೋಡ್ರಿ, ಆಮೇಲೆ ವಹಿ ನೋಡ್ರಿ.

ನಿಮ್ಮ ಊರ ಕಡೆ ಬರುವ ಕುರಿಗಾರರ ಕುದುರೆ ಯಾವ ಬಣ್ಣದವು, ಅವಕ್ಕೆ ನಿಮ್ಮಲ್ಲಿ ಏನೇನು ಹೆಸರು ಕರೀತಾರ, ಕೆಳಗೆ ಬರೀರಿ. ಹೇಮಚಂದ್ರನಿಗೆ ಗೊತ್ತಿದ್ದ ಹೆಸರು ನಮ್ಮ ಬಾಯಾಗಿಂದ ಹೋಗ್ಯಾವ. ನಮ್ಮ ಹಿರಿಯರ ಬಾಯಾಗ ಉಳಿದವನ್ನಾದರೂ ಕೂಡಿಸಿ ಇಡೋಣ. ಬಂದ ಹೆಸರನ್ನೆಲ್ಲಾ ಊರಿನ ಹೆಸರಿನ ಸಮೇತ ನನ್ನ ವಹಿಯಲ್ಲಿ ಬರೆದುಕೊಳ್ತೀನಿ.